ಕೈ ಊರದೆ ಏಳುವುದು

"ಕೈ ತೆಗಿ ಲೋಸಾ, ಅವರೇ ಏಳ್ಲಿ," ಎಂದಳು ಆಸ್ಪತ್ರೆಯಿಂದ ಬಂದಿದ್ದ ಫಿಸಿಯೋ ಪೆಪೆ. ಅಪ್ಪನ ಕಂಕುಳಿಗೆ ಕೊಟ್ಟಿದ್ದ ಕೈಯನ್ನು ಲೋಸಾ ಒಲ್ಲದ ಮನಸ್ಸಿನಿಂದ ತೆಗೆದಳು. ಮುದುಕ ಇಯೋಸೆಫೋ ಕುರ್ಚಿಯಿಂದ ಅರ್ಧ ಎದ್ದವನು, ತೊಡೆ ನಡುಗಿ, ದೊಪ್ಪನೆ ಕುಸಿದು ಕೂತ.

"ಸೊಂಟದ ಆಪರೇಷನ್ ಆಗಿ ಮನೆಗೆ ಹೊರಡೋವಾಗ ಕೈ ಊರದೆ ಎಂಟು ಸಲ ಎದ್ದಿದ್ರಲ್ಲ ಅಜ್ಜ. ಆಮೇಲೆ ನಡೀಲೇ ಇಲ್ವಾ?"

"ನಡೆಯೋದಾ?" ಲೋಸಾ ಹೆಮ್ಮೆಯಿಂದಲೇ ಹೇಳಿದಳು. "ನೀರಿನ ಲೋಟಕ್ಕೂ ಏಳೋಕೆ ಬಿಟ್ಟಿಲ್ಲ. ನೀನೂ ಸಮೋವಾದೋಳೇ ಅಲ್ವಾ? ಹಿರಿಯರು ತಾವೇ ಎದ್ದು ತಟ್ಟೆ ತಗೊಂಡ್ರೆ ಮಗಳಾದೋಳು ಊರಲ್ಲಿ ತಲೆ ಎತ್ಕೊಂಡು ಓಡಾಡೋಕಾಗುತ್ತಾ?"

ಪೆಪೆ ಮುದುಕನ ತೊಡೆಗೆ ಟೇಪು ಸುತ್ತಿ ಅಳೆದಳು. "ಕೂತೂ ಕೂತೂ ಕಾಲು ಸಣ್ಣಗಾಗಿದೆ. ಹೀಗೇ ಬಿಟ್ರೆ ಇನ್ನು ಏಳೋದೇ ಇಲ್ಲ. ನಾನು ಕೊಟ್ಟ ಕೋಲೆಲ್ಲಿ?"

"ಎಲ್ಲೋ ಕಳ್ಕೊಂಡೆ ಕಣಮ್ಮ," ಎಂದ ಮುದುಕ. "ನಂದೇ ತಪ್ಪು."

ಚರ್ಚಿನ ಹಿರಿಯನಾದ ಅಪ್ಪನ ಬಾಯಲ್ಲಿ ಲೋಸಾ ಸುಳ್ಳು ಕೇಳಿದ್ದು ಅದೇ ಮೊದಲು. ನೆರೆಯವರ ಕಣ್ಣಿಗೆ ಅವನು ಕೋಲೂರಿ ನಡೆಯುವುದು ಬೀಳಬಾರದೆಂದು, ಅವನೆದುರೇ ಅದನ್ನು ಎತ್ತಿ ತೊಲೆಯ ಮೇಲೆ ಇಟ್ಟವಳು ಅವಳೇ. ಆರು ವಾರ ಅದರ ಕೆಳಗೇ ಕೂತು, ಅಪ್ಪ ಒಂದು ಸಲವೂ ಅದನ್ನು ಕೇಳಿರಲಿಲ್ಲ.