ಈಟಿ ತೂತಿನ ಮುರು ಮೀನು

ಕಿವಿಯ ತಮಟೆ ಹರಿದಿದೆ, ಇನ್ನು ಸಮುದ್ರದಲ್ಲಿ ಮುಳುಗಬೇಡಿ ಎಂದು ಡಾಕ್ಟರು ಹೇಳಿ ಒಂಬತ್ತು ವರ್ಷವಾಗಿತ್ತು. ಮಹಾಬಲ ಅದನ್ನು ಹೆಂಡತಿಗೆ ಹೇಳಿರಲಿಲ್ಲ. ಪ್ರತಿ ಡಿಸೆಂಬರಿನಲ್ಲೂ ಈಟಿ ಹಿಡಿದು ಗೆಳೆಯರೊಂದಿಗೆ ಮೀನು ಹೊಡೆಯಲು ದ್ವೀಪಕ್ಕೆ ಹೊರಡುತ್ತಿದ್ದ. ಅವರು ಉಸಿರು ಬಿಗಿಹಿಡಿದು ಬಂಡೆಗಳ ಸಂದಿಗೆ ಇಳಿದರೆ, ಇವನು ದೋಣಿಯಲ್ಲಿ ಕೂತು ಅವರ ಚಪ್ಪಲಿ ಕಾಯುತ್ತಿದ್ದ.

ಈ ಸಲವೂ ವಾಪಸು ಬರುವಾಗ ಬಂದರಿನಲ್ಲಿ ಗಾಳ ಹಾಕುವವರಿಂದ ಒಂದು ಮುರು ಮೀನು ಕೊಂಡ. ಕಾರಿನ ಮರೆಯಲ್ಲಿ ನಿಂತು ಅದರ ಕಿವಿರಿನ ಹಿಂದೆ ಈಟಿಯಿಂದ ತೂತು ಮಾಡಿದ.

"ಎಷ್ಟ್ ವರ್ಷ ಮಾರಾಯಾ ಈ ನಾಟಕ? ಅವಳಿಗೆ ಹೇಳ್ಬಿಡು," ಎಂದ ಗೆಳೆಯ ರೊನಾಲ್ಡ್.

"ನಮ್ಮನೆಯವ್ರು ಈಟಿಲಿ ಹೊಡ್ದಿದ್ದು ಅಂತ ಕೇರಿಗೆಲ್ಲ ಹಂಚ್ತಾಳೆ. ಈಗ ಯಾವ ಮುಖ ಇಟ್ಕಂಡು ಹೇಳೂದು?"

ಮನೆಗೆ ಬಂದವನೇ ಮೀನನ್ನು ಹೆಂಡತಿಯ ಕೈಗೆ ಕೊಟ್ಟು ಕುರ್ಚಿಯಲ್ಲಿ ಕುಸಿದ. ಸುಳ್ಳು ಹೊತ್ತು ಹೊತ್ತು ಸಾಕಾಗಿತ್ತು.

"ಕುಸುಮಾ, ಮುಂದಿನ ವರ್ಷದಿಂದ ನಾನು ಹೋಗೂದಿಲ್ಲ."

"ಎಂಥ ಮಾತು ಆಡ್ತ್ರಿ!" ಅಡುಗೆಮನೆಯಿಂದ ದನಿ ಬಂತು. "ವರ್ಷಕ್ಕೊಂದ್ ದಿನ ನಿಮ್ಮ ಮುಖ ಅರಳ್ತದೆ. ಹೋಗಿ ಬನ್ನಿ."

ಇವತ್ತು ಹೇಳಿಯೇ ಬಿಡುವುದೆಂದು ಅವನು ಎದ್ದು ಅಡುಗೆಮನೆಯ ಬಾಗಿಲಿಗೆ ಬಂದ. ಅವಳು ಅವನಿಗೆ ಬೆನ್ನು ಹಾಕಿ ಮೀನು ಸೀಳುತ್ತಿದ್ದಳು. ಅದರ ಗಂಟಲಿಗೆ ಎರಡು ಬೆರಳು ತೂರಿಸಿ, ಸಿಕ್ಕಿಕೊಂಡಿದ್ದ ಗಾಳದ ಕೊಕ್ಕೆಯನ್ನು ಹೊರಗೆಳೆದಳು. ಅದನ್ನು ತೊಳೆದು, ಉಪ್ಪಿನ ಭರಣಿಯ ಹಿಂದಿನಿಂದ ಒಂದು ಗಾಜಿನ ಬಾಟಲಿ ತೆಗೆದು, ಅದರಲ್ಲಿ ತುಕ್ಕು ಹಿಡಿದು ಕೂತಿದ್ದ ಐದಾರು ಕೊಕ್ಕೆಗಳ ಮೇಲೆ ಸದ್ದಾಗದಂತೆ ಇಳಿಸಿದಳು.