ಕೆಂಪು ದಾರದ ಗಿಳಿ

ಅರಳಿಮರದ ಬುಡದಲ್ಲಿ ಸತ್ತು ಬಿದ್ದ ಗಿಳಿಗಳನ್ನು ಚೀಲಕ್ಕೆ ತುಂಬುತ್ತಿದ್ದ ಅರಣ್ಯ ಇಲಾಖೆಯ ಗಾರ್ಡಿಗೆ ಮೈಯೆಲ್ಲ ಉರಿಯುತ್ತಿತ್ತು. ಗರಿ ಉದುರಿಸಿ, ಕೊಕ್ಕು ಸೊಟ್ಟ ಮಾಡಿ ಕೊಲ್ಲುವ ಅಂಟುರೋಗ ಅದು, ಮದ್ದಿಲ್ಲ. ರೋಗದ ಗಿಳಿಯನ್ನು ಹೊರಗೆ ಬಿಡಬೇಡಿ ಎಂದು ಬೆಳಗಿನಿಂದ ಮೈಕಿನಲ್ಲಿ ಕೂಗಿ ಕೂಗಿ ಅವನ ಗಂಟಲು ಕಟ್ಟಿತ್ತು.

ಕೊನೆಯ ಗಿಳಿಯ ಕಾಲಲ್ಲಿ ಕೆಂಪು ದಾರವಿತ್ತು. ಶಾಸ್ತ್ರದ ಗಿಳಿಗೆ ಕಟ್ಟುವ ದಾರ. ಗಿಳಿ ಸಾಕುವುದು ಅಪರಾಧವೆಂದು ಸಂಕ್ರಾಂತಿಯ ದಿನ ತಾನು ಊರಿನ ಪಂಜರಗಳನ್ನೆಲ್ಲ ಖಾಲಿ ಮಾಡಿಸಿದ್ದರೂ ಗಿಳಿಶಾಸ್ತ್ರದ ಮುದುಕ ಕದ್ದುಮುಚ್ಚಿ ಮತ್ತೆ ಸಾಕಿದ್ದಾನೆ ಎಂದುಕೊಂಡು ಅವನು ಆ ಗಿಳಿಯನ್ನು ಹಿಡಿದು ಬಸ್ ನಿಲ್ದಾಣಕ್ಕೆ ದಾಪುಗಾಲು ಹಾಕಿದ. ಮುದುಕ ಬರೀ ಚೀಟಿಗಳನ್ನು ಹರಡಿಕೊಂಡು ಕೂತಿದ್ದ.

"ಏಯ್, ಇದು ನಿಂದೇ ತಾನೆ?"

ಮುದುಕ ಗಿಳಿಯ ತಲೆ ಸವರಿದ. "ನಂದೇ ಸ್ವಾಮಿ. ನನ್ನ ಮುದ್ದಿ."

"ಕಾಯಿಲೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು. ದಿನಾ ಗರಿ ಉದುರ್ತಿತ್ತು."

"ಗೊತ್ತಿದ್ದೂ ಮರದ ಗಿಳಿಗಳ ಜೊತೆ ಬಿಟ್ಯಾ? ಇಡೀ ಹಿಂಡನ್ನೇ ಕೊಂದ್ಯಲ್ಲೋ ಪಾಪಿ!"

"ಬಿಡಬ್ಯಾಡಿ, ಬಿಡಬ್ಯಾಡಿ ಅಂತ ಕಾಲು ಹಿಡ್ಕೊಂಡೆ ಸ್ವಾಮಿ. ಕೇಳಲಿಲ್ಲ."

"ಯಾವನ ಕಾಲು? ಹೆಸರು ಹೇಳು, ಆ ಕೊಲೆಗಡುಕನ್ನ ಇವತ್ತೇ ಒಳಗೆ ಹಾಕಿಸ್ತೀನಿ!"

ಮುದುಕ ಗಾರ್ಡಿನ ಬೂಟುಗಳನ್ನೇ ನೋಡಿದ.

"ಇದೇ ಕಾಲು ಸ್ವಾಮಿ. ಗರಿ ನಾನೇ ಕಿತ್ತಿದ್ದೀನಿ ಅಂತ ಕಪಾಳಕ್ಕೆ ಬಾರಿಸಿ, ಸಂಕ್ರಾಂತಿ ದಿನ ಪಂಜರದ ಬಾಗಿಲು ತೆಗೆದಿದ್ದು ನೀವೇ ಅಲ್ವಾ?"