ಕೊನೆಗೆ ಬರುವ ಗ್ರಂಥ

ಯಹೂದಿಗಳ ಪ್ರಾರ್ಥನಾಲಯಕ್ಕೆ ಹೊಲಿದುಕೊಟ್ಟ ಧರ್ಮಗ್ರಂಥದ ಬೈಂಡಿಂಗ್ ತಪ್ಪಾಗಿದೆಯೆಂದು ಏಳು ವರ್ಷದ ಹಿಂದೆ ದೂರು ಬಂದಿತ್ತು. ತಪ್ಪೇನೆಂದು ಕೇಳುವ ಗೋಜಿಗೂ ಹೋಗದೆ ವಾಮನ, ಅದನ್ನು ಹೊಲಿದವನು ಬೈಂಡಿಂಗ್ ಅಂಗಡಿಯ ಜೊತೆಗಾರ ಬಿನ್ಯಾಮಿನ್ ಎಂದು ಅವನ ಮೇಲೆ ಗೂಬೆ ಕೂರಿಸಿದ್ದ. "ನಮ್ಮವನಾಗಿ ನೀನೇ ಹೀಗೆ ಮಾಡಿದೆಯಲ್ಲ" ಎಂದ ಪ್ರಾರ್ಥನಾಲಯದ ಹಿರಿಯರು, ಯಹೂದಿಯೇ ಆದ ಬಿನ್ಯಾಮಿನನ ಮುಖ ನೋಡುವುದನ್ನೇ ಬಿಟ್ಟರು.

ಅಂದಿನಿಂದ ಹಲ್ಲು ಕಚ್ಚಿಕೊಂಡಿದ್ದ ಬಿನ್ಯಾಮಿನ್ ಹಿರಿಯರನ್ನು ಕಾಡಿ ಬೇಡಿ ಇನ್ನೊಂದು ಪ್ರತಿಯ ಕೆಲಸ ಪಡೆದ. ಹೊಲಿದು ಮುಗಿಸಿ, ಅದನ್ನು ವಾಮನನ ಕಣ್ಣೆದುರೇ ತೆರೆದಿಟ್ಟು, ನೀರು ಕುಡಿಯಲು ಎದ್ದುಹೋದ.

ಎಣಿಸಿದಂತೆಯೇ ವಾಮನ ಅದನ್ನೆತ್ತಿಕೊಂಡು ಹಿರಿಯರಲ್ಲಿಗೆ ಓಡಿದ. ಬಿನ್ಯಾಮಿನ್ ನಿಧಾನವಾಗಿ ಹಿಂದೆ ನಡೆದ.

"ನೋಡಿ ಸ್ವಾಮಿ, ಮತ್ತೆ ಅದೇ ಕೆಲಸ! ದಾನಿಯೇಲನ ಪುಸ್ತಕಾನ ಪ್ರವಾದಿಗಳ ಸಾಲಿಂದ ಕಿತ್ತುಹಾಕಿದಾನೆ. ಕೊನೆಗೆ ಮಲಾಕಿಯನ ಪುಸ್ತಕ ಬರಬೇಕು, ಇಲ್ಲಿ ಪೂರ್ವಕಾಲವೃತ್ತಾಂತ ಇದೆ!"

"ನಮ್ಮಲ್ಲಿ ಮೊದಲು ತೋರಾ, ಅಂದರೆ ಧರ್ಮಶಾಸ್ತ್ರ, ಆಮೇಲೆ ಪ್ರವಾದಿಗಳು, ಕೊನೆಗೆ ಬರಹಗಳು," ಎಂದರು ಹಿರಿಯರು. "ದಾನಿಯೇಲ ಬರಹಗಳಲ್ಲೇ ಇರೋದು. ವೃತ್ತಾಂತವೇ ಕೊನೇದು. ಮಲಾಕಿಯ ಅಂತ ನಿನಗ್ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ಚರ್ಚಿಗೆ ಇದೇ ಪುಸ್ತಕಗಳ ಹಳೆ ಒಡಂಬಡಿಕೆ ಹೊಲಿಯೋನೇ ನಾನು. ನನ್ನ ಕೈಲಿ ಮಲಾಕಿಯ ಬಿಟ್ಟು ಬೇರೇದು ಕೊನೆಗೆ ಬಂದಿದ್ದೇ ಇಲ್ಲ!"

ಕೆಟ್ಟ ಧರ್ಮಗ್ರಂಥವನ್ನೂ ಯಹೂದಿಗಳು ಎಸೆಯುವುದಿಲ್ಲ. ಗೌರವದಿಂದ ಮಣ್ಣು ಮಾಡುವ ದಿನದವರೆಗೆ ಕಾದಿಡುತ್ತಾರೆ. ಹಿರಿಯರು ಕಪಾಟು ತೆರೆದು ಏಳು ವರ್ಷದ ಹಿಂದಿನ ಪ್ರತಿಯನ್ನು ಮೇಜಿನ ಮೇಲಿಟ್ಟರು. ಬಿನ್ಯಾಮಿನ್ ಕೈಕಟ್ಟಿ ನಿಂತ.

ಕೊನೆಯ ಹಾಳೆಯಲ್ಲಿ ಮಲಾಕಿಯನಿದ್ದ.